ಟರ್ಪೆಂಟೈನ್ ಬಟ್ಟೆ

ಟರ್ಪೆಂಟೈನ್ ವಾಸನೆ ಬಂತೆಂದರೆ ಅಪ್ಪ ಬಂದ ಅಂತಲೇ ಚಿಕ್ಕಂದಿನಲ್ಲಿ ಅವಳಿಗೆ ಅರ್ಥ. ಕಡಿಯಬೇಕಾದ ಮರಗಳಿಗೆ ದೂರದಿಂದಲೇ ಬಣ್ಣದ ಗುಂಡು ಹೊಡೆದು ಗುರುತು ಹಾಕುವುದು ಅವನ ಕೆಲಸ. ಆ ಎಣ್ಣೆಬಣ್ಣ ನೀರಿಗೆ ಜಗ್ಗುತ್ತಿರಲಿಲ್ಲ. ಹೊಸ್ತಿಲಾಚೆ ಕೂತು ಟರ್ಪೆಂಟೈನ್ ಬಟ್ಟೆಯಿಂದ ಒಂದೊಂದು ಬೆರಳನ್ನೂ ಉಜ್ಜಿಕೊಂಡ ಮೇಲೆಯೇ ಅವಳನ್ನು ಎತ್ತಿಕೊಳ್ಳುತ್ತಿದ್ದ.

ಈಗಿನ ಬಣ್ಣ ನೀರು ಸೋಕಿದರೆ ಜಾರಿ ಹೋಗುತ್ತದೆ. ಬಣ್ಣದ ಗುಂಡು ಹೊಡೆದು ಆಡುವ ಪೇಂಟ್‌ಬಾಲ್ ಮೈದಾನದ ಶೆಡ್ಡಿನಲ್ಲಿ ಆಟಗಾರರ ಮುಖವಾಡ ತೊಳೆಯುವ ಕೆಲಸ ಅವಳದು. ಇವತ್ತು ಮೈದಾನದ ವಾರ್ಷಿಕೋತ್ಸವ. ಅಪ್ಪ ಇಸ್ತ್ರಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ.

"ಚಿಕ್ಕಪ್ಪ ಇವತ್ತಾದ್ರೂ ಹೇಳ್ತಾರೇನಪ್ಪಾ?" ಶೆಡ್ಡಿಗೆ ಹೋಗುವ ಮೊದಲು ಅವಳು ಕೇಳಿದಳು.

"ಹೇಳ್ದೆ ಏನು? ಮನೇಗೇ ಬಂದು ಕರೆದಿದಾನೆ. ಸುಮ್ನೆ ಕರೀತಾನಾ?"

ಚಿಕ್ಕಪ್ಪನೆಂದರೆ ಮೈದಾನದ ಯಜಮಾನ. ರಕ್ತಸಂಬಂಧವಲ್ಲ, ಅಪ್ಪನ ಜೊತೆ ಮರಗಳಿಗೆ ಗುರುತು ಹಾಕುತ್ತಿದ್ದವನು. ಕಾಡಿನಲ್ಲಿ ಅಡಗುವುದಕ್ಕೆ ಯಾರು ಜಾಣರು ಎಂಬ ಜಗಳದಿಂದ ಆ ಗುಂಪಿನವರು ಒಂದು ಆಟ ಕಟ್ಟಿದ್ದರು. ಮೊಂಡುಮರಕ್ಕೆ ಕಟ್ಟಿದ ಕರವಸ್ತ್ರವನ್ನು ಬಿಚ್ಚಿ ತಂದವನು ಗೆದ್ದ; ಗುಂಡು ತಗುಲಿದವನು ಕೈಯೆತ್ತಿ "ಸತ್ತೆ" ಅನ್ನಬೇಕು. ಅಪ್ಪ ಒಂದೂ ಗುಂಡು ಹಾರಿಸದೆ, ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಕರವಸ್ತ್ರ ತಂದ. ಆಟ ಮುಗಿದದ್ದು ತಿಳಿಯದೆ ಯಾರೋ ಹೊಡೆದ ಗುಂಡು ಹುಬ್ಬಿಗೆ ತಗುಲಿತು. ಗೆದ್ದವನೇ ಕೈಯೆತ್ತಿ "ಸತ್ತೆ ಕಣ್ರೋ" ಅಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೆಂಪು ಬಣ್ಣದಲ್ಲಿ ರಕ್ತ ಯಾವುದು ಅಂತ ಯಾರಿಗೂ ಕಾಣಲಿಲ್ಲ. ಚಿಕ್ಕಪ್ಪ ಓಡಿ ಬಂದು, "ತಾಳೋ, ತಾಳೋ" ಎನ್ನುತ್ತ, ದಿನಾ ಮಾಡುವಂತೆ ಜೇಬಿನ ಬಟ್ಟೆ ತೆಗೆದು ಅವನ ಮುಖ ಒರೆಸಿದ. ಕಣ್ಣನ್ನೂ ಒತ್ತಿ ಒರೆಸಿದ.

ಹುಬ್ಬಿನ ಗಾಯ ವಾಸಿಯಾಯಿತು. ಎಡಗಣ್ಣನ್ನು ಸುಟ್ಟದ್ದು ಟರ್ಪೆಂಟೈನು ಎಂದು ಡಾಕ್ಟರು ಹೇಳಿದರು. ಅಪ್ಪ ಹೊರಗೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. "ಒಳ್ಳೇದಕ್ಕೇ ಒರೆಸಿದ. ಅದನ್ನ ಅವನೇ ಹೇಳ್ಲಿ."

ಚಿಕ್ಕಪ್ಪ ಮೈಕು ಹಿಡಿದ. ಮರಕ್ಕೆ, ದನಕ್ಕೆ ಗುರುತು ಹಾಕುವ ಬಂದೂಕಿನಿಂದ ಈ ಆಟ ಹುಟ್ಟಿದ ಕತೆಯನ್ನು ಸೊಗಸಾಗಿ ಹೇಳಿದ. "ನಮ್ಮ ಮೊದಲನೇ ಆಟ ಗೆದ್ದವನು ಒಂದು ಗುಂಡೂ ಹಾರಿಸ್ಲಿಲ್ಲ. ಇಲ್ಲೇ ಇದಾನೆ ನೋಡಿ!"

ಚಪ್ಪಾಳೆ ಬಿತ್ತು. ಅಪ್ಪ ಎದ್ದು ನಿಂತ. ತೊಳೆಯುತ್ತಿದ್ದ ಮುಖವಾಡ ಹಿಡಿದುಕೊಂಡೇ ಅವಳು ಶೆಡ್ಡಿನ ಬಾಗಿಲಿಗೆ ಬಂದಳು.

"ಆದ್ರೆ ಈ ಮಹಾಶೂರ ಮುಖಕ್ಕೆ ಏನೂ ಹಾಕ್ಕೊಂಡಿರ್ಲಿಲ್ಲ. ಗುಂಡು ನೇರ ಕಣ್ಣಿಗೇ ಬಿತ್ತು, ಕಣ್ಣು ಹೋಯ್ತು. ಅದಕ್ಕೇ ಮಕ್ಕಳೇ, ಮುಖವಾಡ ಮಾತ್ರ ತೆಗೀಬೇಡಿ." ಅಪ್ಪನ ಕಡೆ ಕೈ ತೋರಿಸಿ ಮತ್ತೆ ಅಂದ: "ಸ್ವಲ್ಪ ಈ ಕಡೆ ತಿರುಗಪ್ಪಾ, ಎಲ್ಲರಿಗೂ ಕಾಣ್ಲಿ."

ಅಪ್ಪ ತಿರುಗಿದ. ಮುಂದೆ ಕೂತಿದ್ದ ಮಗುವೊಂದು ತಾಯಿಯ ಮಡಿಲಲ್ಲಿ ಮುಖ ಮುಚ್ಚಿಕೊಂಡಿತು.

ಜನ ಊಟಕ್ಕೆ ಎದ್ದ ಮೇಲೆ ಅವಳು ಅಪ್ಪನ ಬಳಿ ಬಂದಳು. "ಹುಬ್ಬಿಗೆ ತಗುಲಿದ್ದು ಅಂತ ಹೇಳ್ಬೇಕಿತ್ತು ನೀನು."

"ಮೈಕು ಅವನ ಕೈಲಿತ್ತಲ್ಲಮ್ಮ."

"ನಡಿ ಮನೆಗೆ. ಇವರ ಮನೆ ಅನ್ನ ಬೇಡ ನಮಗೆ. ನಾಳೆಯಿಂದ ನಾನೂ ಬರಲ್ಲ."

ಅಪ್ಪ ಏಳಲಿಲ್ಲ. ಇಸ್ತ್ರಿ ಅಂಗಿಯ ಗುಂಡಿಯನ್ನು ತಿರುಗಿಸುತ್ತ ಕೂತಿದ್ದ.

ಅಷ್ಟರಲ್ಲಿ ಚಿಕ್ಕಪ್ಪ ಊಟದ ತಟ್ಟೆ ಹಿಡಿದು ಬಂದ. ಅಪ್ಪನ ಎಡಗಡೆಯ ದಾರಿ ಹತ್ತಿರವಿತ್ತು, ಖಾಲಿಯೂ ಇತ್ತು. ಅವನು ಆ ಕಡೆ ಬರಲಿಲ್ಲ. ಕುರ್ಚಿಗಳ ಹಿಂದೆ ಪೂರ್ತಿ ಸುತ್ತು ಹಾಕಿ, ಅಪ್ಪನಿಗೆ ಕಾಣುವ ಬಲಗಡೆಗೆ ಬಂದು ನಿಂತ. ಅವಳ ಕಡೆ ನೋಡಲು ಅವನಿಗೆ ಆಗಲಿಲ್ಲ. ಬಡಿಸುವವರು ತಟ್ಟೆಯ ಅಂಚಿನಲ್ಲಿ ಕೈ ಒರೆಸಲು ಮಡಚಿದ ಬಟ್ಟೆಯೊಂದನ್ನು ಇಟ್ಟಿದ್ದರು. ಅದನ್ನು ತೆಗೆದು ತನ್ನ ಜೇಬಿಗೆ ತುರುಕಿಕೊಂಡ. ಆಮೇಲೆ ಎರಡೂ ಕೈಯಿಂದ ತಟ್ಟೆಯನ್ನು ಅಪ್ಪನ ಮುಂದೆ ಹಿಡಿದ.