ಮುಮ್ತಾಜ್ ಬೇಗಂ ರಿವರ್ಸ್ ಹಾಕಿದ ವಿಡಿಯೊ

ಕೊಟ್ಟೂರಿನ ಮುಮ್ತಾಜ್ ಬೇಗಂಗೆ ಸೈಕಲ್ ಹೊಡೆಯಲೂ ಬರುತ್ತಿರಲಿಲ್ಲ. ಆದರೆ ಮಧ್ಯಾಹ್ನದ ಊಟವಾಗಿ, ಹೊಲಿಗೆ ಮಷಿನ್ನಿನ ಮೇಲೆ ಬಟ್ಟೆ ಮುಚ್ಚಿದ ಮೇಲೆ ಆಕೆ ದಿನಾ ಲಾರಿ ಓಡಿಸುತ್ತಿದ್ದಳು. ಅದೂ ಅಂತಿಂಥ ಲಾರಿಯಲ್ಲ, ಹಿಂದೆ ಉದ್ದನೆಯ ಟ್ರೇಲರ್ ಎಳೆಯುವ ಲಾರಿ. ಯಾವುದೋ ದೇಶದ ಹಿಮ ಬಿದ್ದ ಘಟ್ಟ ಹತ್ತಿ ಇಳಿದು, ಫ್ರಿಜ್ಜು, ಮರದ ದಿಮ್ಮಿ, ಒಮ್ಮೊಮ್ಮೆ ಜೀವಂತ ಹಸುಗಳನ್ನೂ ಊರಿಂದೂರಿಗೆ ಮುಟ್ಟಿಸಿ, ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಎಂಜಿನ್ ಆರಿಸಿ ಏಳುತ್ತಿದ್ದಳು.

ಈ ಲಾರಿ ಓಡುತ್ತಿದ್ದ ಕಂಪ್ಯೂಟರು ಮಗಳು ಕೌಸರಳದು. ಅವಳು ಓದು ಮುಗಿಸಿ ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಲು ಹೋದಾಗ ಲ್ಯಾಪ್‌ಟಾಪ್ ಮಾತ್ರ ಒಯ್ದು, ಇದನ್ನು ನಡುಮನೆಯ ಮೂಲೆಯಲ್ಲೇ ಬಿಟ್ಟಿದ್ದಳು. "ಬ್ಯಾಸರಾದ್ರ ಆಡಮ್ಮಾ" ಎಂದು ಒಂದು ಇಸ್ಪೀಟಿನ ಆಟ ತೋರಿಸಿಕೊಟ್ಟಿದ್ದಳು. ಇಸ್ಪೀಟು ಮುಮ್ತಾಜ್ ಬೇಗಂಗೆ ಹಿಡಿಸಲಿಲ್ಲ. ಅದರ ಪಕ್ಕದಲ್ಲಿದ್ದ ಲಾರಿಯ ಚಿತ್ರದ ಮೇಲೆ ಒತ್ತಿದಳು. ಅಲ್ಲಿಂದ ಮುಂದೆ ಇಸ್ಪೀಟಿನ ನೆನಪೇ ಆಗಲಿಲ್ಲ.

ಗಂಡ ರಾಜಾಸಾಬ್ ಮನೆಯ ಮುಂದೆಯೇ ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜ್ ಇಟ್ಟಿದ್ದ. ಹೊರಗೆ ನಿಜವಾದ ಎಂಜಿನ್, ಒಳಗೆ ಸುಳ್ಳು ಎಂಜಿನ್. ಮೊದಮೊದಲು ರಾಜಾಸಾಬ್ ಗೊಂದಲಕ್ಕೆ ಬಿದ್ದು, ಸ್ಪ್ಯಾನರ್ ಹಿಡಿದುಕೊಂಡೇ ಒಳಗೆ ಬಂದು ನೋಡಿದ್ದುಂಟು. ಆಮೇಲೆ ರೂಢಿಯಾಯಿತು.

ಗ್ಯಾರೇಜಿನ ಬೆಂಚಿನ ಮೇಲೆ ಕಾಯಂ ಕೂರುತ್ತಿದ್ದವನು ಪಾಲಾಕ್ಷಪ್ಪ. ಹೊಸಹಳ್ಳಿಯ ಕಡೆಯವನು, ಪ್ರಾಯವೆಲ್ಲ ಲಾರಿಯ ಸ್ಟೇರಿಂಗ್ ಹಿಂದೆ ಕಳೆದು ಈಗ ಕಣ್ಣಿಗೆ ಪೊರೆ ಬಂತೆಂದು ಬಿಟ್ಟವನು. ಗ್ಯಾರೇಜಿಗೆ ಬಂದವರಿಗೆಲ್ಲ ಅವನ ಲಾರಿಯ ಕಥೆ ಪುಕ್ಕಟೆ. ಮುಂಬೈ ಬಂದರಿನಲ್ಲಿ ಎರಡು ಗೋಡೆಗಳ ನಡುವೆ ಟ್ರೇಲರನ್ನು ಹಿಂದಕ್ಕೆ ತಂದು ನಿಲ್ಲಿಸಿದ ಕಥೆಯಂತೂ ಎಷ್ಟು ಸಲ ಆಗಿತ್ತೆಂದರೆ, ಪ್ರತಿ ಸಲವೂ ಗೋಡೆಗಳು ಇನ್ನಷ್ಟು ಹತ್ತಿರ ಸರಿಯುತ್ತಿದ್ದವು.

ಅಂಥವನ ಮುಂದೆ ಮುಮ್ತಾಜ್ ಬೇಗಂ ಒಂದು ದಿನ ಚಹಾ ಕೊಡುತ್ತಾ ಬಾಯಿಬಿಟ್ಟಳು.

"ಪಾಲಾಕ್ಷಣ್ಣಾ, ನಿನ್ನಿ ನಾನೂ ಟ್ರೇಲರ್ ಹಿಂದಕ ಹಾಕೀನಿ. ಇಕ್ಕಟ್ಟು ಗೋದಾಮು. ಒಂದ್ ಕಡಿಗೂ ತಾಗಿಲ್ಲ."

ಪಾಲಾಕ್ಷಪ್ಪ ಚಹಾ ತಟ್ಟೆಗೆ ಸುರಿದುಕೊಂಡು, ಊದಿ, ಕುಡಿದು, ಆಮೇಲೆ ನಕ್ಕ. "ಆಟದಾಗ ಬಿಡು ತಂಗಿ. ಅಲ್ಲಿ ಲಾರಿ ತಾನ ಹೋಗಿ ನಿಂದ್ರತೈತಿ."

"ತಾನ ನಿಂದರಂಗಿಲ್ಲ! ನಾನ ನಿಲ್ಸೀನಿ."

"ಹಂಗಾದ್ರ ತೋರ್ಸು."

ತೋರಿಸಲು ಕೂತಳು. ಹಿಂದೆ ಪಾಲಾಕ್ಷಪ್ಪ, ಅವನ ಹಿಂದೆ ಗಂಡ, ಬಾಗಿಲಲ್ಲಿ ಟ್ರ್ಯಾಕ್ಟರ್ ರಿಪೇರಿಗೆ ತಂದಿದ್ದ ತೆಲಿಗಿಯ ಹುಲುಗಪ್ಪ. ಇಷ್ಟು ಜನ ಕುತ್ತಿಗೆಗೆ ಉಸಿರು ಬಿಡುತ್ತಿದ್ದರೆ ಯಾರ ಬೆರಳು ಆಡುತ್ತವೆ? ಲಾರಿ ಮೊದಲು ಕಂಬಕ್ಕೆ ಹೋಯಿತು, ಆಮೇಲೆ ಗೋದಾಮಿನ ಬಾಗಿಲಿಗೆ, ಕೊನೆಗೆ ಅಲ್ಲಿ ಸುಮ್ಮನೆ ನಿಂತಿದ್ದ ಇನ್ನೊಂದು ಲಾರಿಗೆ. "ಗೋದಾಮು ಇಕ್ಕಟ್ಟು ಐತಿ ಬಿಡ್ರಿ" ಎಂದು ಹುಲುಗಪ್ಪ ಸಮಾಧಾನ ಹೇಳಿದ. ಅದಕ್ಕೆ ಅವಳಿಗೆ ಇನ್ನೂ ಉರಿಯಿತು.

ಸಂಜೆ ಮಗಳಿಗೆ ಫೋನ್ ಹಚ್ಚಿದಳು. "ಟಿ.ವಿ. ಮ್ಯಾಲ ಕಂಡಂಗ ಚೊಕ್ಕ ಕಾಣ್ಬೇಕು. ನಾನು ಒಬ್ಬಾಕಿನ ಇದ್ದಾಗ ಆಡಿದ್ದು ಆಮ್ಯಾಲ ಅವ್ರಿಗೆ ತೋರ್ಸಾಕ ಬರ್ಬೇಕು. ಹಂಗ ಮಾಡಾಕ ಏನಾರ ಐತೇನು?"

"ಐತಮ್ಮಾ. ಪರದೆ ರೆಕಾರ್ಡ್ ಮಾಡೋ ಸಾಫ್ಟ್‌ವೇರ್ ಬೇಕಾದಷ್ಟು ಅದಾವು. ಮೂರರ ಹೆಸರು ಕಳಸ್ತೀನಿ. ಒಂದೊಂದ್ರಾಗ ಸ್ವಲ್ಪ ಸ್ವಲ್ಪ ರೆಕಾರ್ಡ್ ಮಾಡಿ ನೋಡು, ಯಾವ್ದು ಹೊಂದತೈತೋ ಅದನ್ನ ಇಟ್ಗೊ."

ಸ್ವಲ್ಪ ಸ್ವಲ್ಪ ನೋಡುವ ತಾಳ್ಮೆ ಮುಮ್ತಾಜ್ ಬೇಗಂಗೆ ಎಲ್ಲಿಯದು? ಮೊದಲನೆಯದನ್ನು ಹಾಕಿಕೊಂಡವಳೇ ಗೋದಾಮಿಗೆ ಹೊರಟಳು. ಬಳಸಲು ಬಲು ಸರಳ, ಒಂದೇ ಕೆಂಪು ಗುಂಡಿ. ಲಾರಿಯೂ ಅಂದು ಮಾತು ಕೇಳಿತು. ಬೆಣ್ಣೆಯಲ್ಲಿ ಚಾಕು ಇಳಿದಂತೆ ಹಿಂದಕ್ಕೆ ಹೋಗಿ ನಿಂತಿತು. ಕುಣಿಯುವುದೊಂದು ಬಾಕಿ. ಪಾಲಾಕ್ಷಪ್ಪನನ್ನು ಕರೆದು ಕೂರಿಸಿ ವಿಡಿಯೊ ಹಚ್ಚಿದರೆ, ಪುಕ್ಕಟೆ ಕೊಟ್ಟ ತಪ್ಪಿಗೋ ಏನೋ, ಆ ಸಾಫ್ಟ್‌ವೇರು ತನ್ನ ಹೆಸರನ್ನು ಪರದೆಯ ನಟ್ಟನಡುವೆ ದಪ್ಪಕ್ಷರದಲ್ಲಿ ಬರೆದುಕೊಂಡು ಕೂತಿತ್ತು. ಸರಿಯಾಗಿ ಟ್ರೇಲರಿನ ಹಿಂದಿನ ಚಕ್ರಗಳ ಮೇಲೆ.

"ಏನ್ ತಂಗಿ, ತಾಗಿದ್ದನ್ನ ಮುಚ್ಚಾಕ ಬೋರ್ಡ್ ಹಾಕೀಯೇನು?" ಎಂದ ಪಾಲಾಕ್ಷಪ್ಪ.

ಎರಡನೆಯದು ಬೋರ್ಡು ಹಾಕಲಿಲ್ಲ. ಆದರೆ ಅದನ್ನು ಹಚ್ಚಿದೊಡನೆ ಕಂಪ್ಯೂಟರಿಗೆ ಏದುಸಿರು ಹತ್ತಿತು. ಒಳಗಿನ ಫ್ಯಾನು ಗಿರಣಿಯ ಹಾಗೆ ಕೂಗಲು ಶುರುವಾಯಿತು. ಆಡುವಾಗ ಹೇಗೋ ನಡೆಯಿತು, ಮುಮ್ತಾಜ್ ಬೇಗಂ ಹಲ್ಲು ಕಚ್ಚಿ ಲಾರಿ ನಿಲ್ಲಿಸಿದಳು. ವಿಡಿಯೊದಲ್ಲಿ ನೋಡಿದರೆ ಲಾರಿ ಕಪ್ಪೆಯಾಗಿತ್ತು. ಗೇಟಿನ ಹೊರಗೆ ಇತ್ತು, ಕುಪ್ಪಳಿಸಿತು, ಒಳಗಿತ್ತು.

ಪಾಲಾಕ್ಷಪ್ಪ ಕನ್ನಡಕ ಸರಿಮಾಡಿಕೊಂಡ. "ನಡುವಿಂದು ಎಲ್ಲಿ ಹೋತು? ಕತ್ತರಿ ಹಾಕೀಯಲ್ಲ! ಹೊಲಿಗಿ ಮಾಡಾಕಿ ನೀನು, ಕತ್ತರಿ ಚಲೋ ಓಡತೈತಿ."

ಅವತ್ತು ಪಾಲಾಕ್ಷಪ್ಪನಿಗೆ ಬಂದ ಚಹಾದಲ್ಲಿ ಸಕ್ಕರೆಯೇ ಇರಲಿಲ್ಲ.

ಉಳಿದದ್ದು ಮೂರನೆಯದು. ತೆರೆದರೆ ಕರಿ ಕಿಟಕಿ. ಸುತ್ತ ನೂರೆಂಟು ಗುಂಡಿ, ನಡುವೆ ಏನೂ ಇಲ್ಲ. "ಕೌಸರ್, ಇದು ಕೆಟ್ಟೈತಿ. ಕರೆಂಟ್ ಹೋದ ಮನಿಯಂಗ ಐತಿ" ಎಂದು ಫೋನಿನಲ್ಲಿ ಕೂಗಿದಳು.

ಕೌಸರ್ ಸ್ಟಾಫ್ ರೂಮಿನಿಂದ ಎದ್ದು ಹೊರಗೆ ಬಂದಳು. "ಕೆಟ್ಟಿಲ್ಲಮ್ಮಾ. ಏನು ರೆಕಾರ್ಡ್ ಮಾಡ್ಬೇಕು ಅಂತ ಅದಕ್ಕ ನೀನ ಹೇಳ್ಬೇಕು. ಕೆಳಗ ಕೂಡಿಸೋ ಗುರುತು ಐತಿ ನೋಡು, ಅದನ್ನ ಒತ್ತಿ ಲಾರಿ ಆಟ ಆರಿಸ್ಕೊ."

ಆರಿಸಿಕೊಂಡಳು. ಕರಿ ಕಿಟಕಿಯಲ್ಲಿ ಘಟ್ಟ, ಹಿಮ, ಲಾರಿ ಎಲ್ಲ ಒಮ್ಮೆಗೇ ಬೆಳಗಿದವು. ಮುಮ್ತಾಜ್ ಬೇಗಂ "ಯಾ ಅಲ್ಲಾ" ಎಂದಳು. ಆಮೇಲೆ ಮಗಳು ಹೇಳಿದಂತೆ ಚಿತ್ರದ ಅಳತೆ ದೊಡ್ಡದು ಮಾಡಿದಳು, ಸೆಕೆಂಡಿಗೆ ಅರವತ್ತು ಚಿತ್ರ ಎಂದು ಇಟ್ಟಳು. ರೆಕಾರ್ಡ್ ಮಾಡುವ ಭಾರವನ್ನು ಗ್ರಾಫಿಕ್ಸ್ ಕಾರ್ಡಿನ ಮೇಲೆ ಹಾಕಿದಳು. ಎಲ್ಲ ಹೊರೆಯೂ ಪ್ರೊಸೆಸರ್ ಎಂಬ ಒಬ್ಬನ ತಲೆಯ ಮೇಲೇ ಬಿದ್ದದ್ದಕ್ಕೆ ಮೊನ್ನೆ ಕಂಪ್ಯೂಟರ್ ಏದುಸಿರು ಬಿಟ್ಟದ್ದು, ಕಾರ್ಡು ಸುಮ್ಮನೆ ಕೂತಿತ್ತು ಎಂದು ಕೌಸರ್ ತಿಳಿಸಿ ಹೇಳಿದಳು.

"ನಮ್ಮ ಮನಿಯಾಗೂ ಹಂಗ" ಎಂದಳು ಮುಮ್ತಾಜ್ ಬೇಗಂ. "ಯಾರು ಸುಮ್ನ ಕುಂತಿರ್ತಾರ ಅಂತ ಹೇಳಂಗಿಲ್ಲ."

ಕ್ಲಾಸಿಗೆ ಹೊತ್ತಾಯಿತೆಂದು ಕೌಸರ್ ಫೋನ್ ಇಟ್ಟಳು. ಹೇಳಬೇಕಾದ ಒಂದು ಮಾತು ಅವಳಿಂದ ಉಳಿದುಹೋಯಿತು.

ಮುಮ್ತಾಜ್ ಬೇಗಂ ಬಾಗಿಲು ಮುಂದೆ ಮಾಡಿ ಕೂತಳು. ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು. ಘಟ್ಟ ಇಳಿದಳು, ಊರು ಹೊಕ್ಕಳು, ಗೋದಾಮಿನ ಮುಂದೆ ಲಾರಿಯನ್ನು ಓರೆ ಮಾಡಿ ನಿಲ್ಲಿಸಿದಳು. ಹಿಂದಕ್ಕೆ, ಮತ್ತೆ ಸ್ವಲ್ಪ ಮುಂದಕ್ಕೆ, ಮತ್ತೆ ಹಿಂದಕ್ಕೆ. ಟ್ರೇಲರು ಗೇಟಿನೊಳಗೆ ನೆಟ್ಟಗೆ ಹೋಗಿ ನಿಂತಿತು. ಹಿಂದಿನ ಎರಡು ಸಲಕ್ಕಿಂತಲೂ ಚೆಂದವಾಗಿ.

ಕೈ ಒರೆಸಿಕೊಂಡು ವಿಡಿಯೊ ಹಚ್ಚಿದಳು. ಹಿಮದ ಒಂದೊಂದು ಚೂರೂ ಕಾಣುತ್ತಿತ್ತು. ಲಾರಿ ನೀರಿನ ಮೇಲೆ ದೋಣಿ ಹೋದಂತೆ ಹೋಗುತ್ತಿತ್ತು. ಖುಷಿಯಿಂದ ಸೌಂಡ್ ಜಾಸ್ತಿ ಮಾಡಿದಳು. ಎಂಜಿನ್ನಿನ ಗುರುಗುರು ಕೇಳಿತು. ಅದರ ಜೊತೆಗೆ ಒಬ್ಬ ಹೆಂಗಸಿನ ದನಿಯೂ ಕೇಳಿತು.

"ಬಂದ್ಬಿಟ್ಟ ದೊಡ್ಡ ಡ್ರೈವರು. ಮೀಸಿ ನೋಡಿದ್ರ ಹುಲಿ, ಮಾತು ನೋಡಿದ್ರ ತೂತು ಬಿದ್ದ ಸೈಲೆನ್ಸರ್. ಬೋರ್ಡ್ ಹಾಕೀನಂತ, ಕತ್ತರಿ ಹಾಕೀನಂತ! ಮುಂಬೈ ಗೋಡಿ ಕಥಿ ಇನ್ನೊಂದ್ ಸಲ ಹೇಳ್ಲಿ, ಅದ ಗೋಡಿ ನಡುವ ಇವನ್ನ ನಿಲ್ಸಿ ಸಿಮೆಂಟ್ ಹಾಕಸ್ತೀನಿ..."

ಮುಮ್ತಾಜ್ ಬೇಗಂ ಗಂಡನೊಂದಿಗೆ ಉರ್ದು ಮಾತಾಡುತ್ತಿದ್ದಳು, ಮಗಳೊಂದಿಗೂ ಊರವರೊಂದಿಗೂ ಕನ್ನಡ. ಲಾರಿ ಓಡಿಸುವಾಗ ಎರಡೂ ಬರುತ್ತವೆಂದು ಇವತ್ತೇ ಗೊತ್ತಾಯಿತು. ಉರ್ದುವಿನಲ್ಲಿ ಅಂದದ್ದನ್ನಂತೂ ಕೇಳಿಸಿಕೊಂಡು ಅವಳೇ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಮೈಕ್ ಬಂದ್ ಮಾಡಾಕ ಹೇಳಿದ್ದಿಲ್ಲೇನು ನಾನು?" ಎಂದು ಕೌಸರ್ ಫೋನಿನಲ್ಲಿ ಬಿದ್ದುಬಿದ್ದು ನಕ್ಕಳು. ಮೈಕಿನ ದನಿಯನ್ನೂ ಆಟದ ದನಿಯನ್ನೂ ಬೇರೆಬೇರೆ ಹಿಡಿಯುವ ಅನುಕೂಲ ಆ ಸಾಫ್ಟ್‌ವೇರಿನಲ್ಲಿತ್ತು. ಆದರೆ ಅದನ್ನು ಮೊದಲೇ ಇಡಬೇಕಿತ್ತು. ಈಗ ಎರಡೂ ಹಾಲು ನೀರಿನಂತೆ ಕಲೆತಿದ್ದವು. ಅಳಿಸಿದರೆ ಎರಡೂ ಹೋಗಬೇಕು.

ಎಂಜಿನ್ ಸದ್ದಿಲ್ಲದ ವಿಡಿಯೊ ತೋರಿಸಿದರೆ ಪಾಲಾಕ್ಷಪ್ಪ ಬಿಡುವನೇ? ಮತ್ತೊಮ್ಮೆ ಆಡೋಣವೆಂದು ಕೂತಳು. ನೂರೆಂಟು ಗುಂಡಿಗಳಲ್ಲಿ ಮೈಕಿನದು ಯಾವುದೆಂದು ನಗುವ ಭರದಲ್ಲಿ ಮಗಳು ಹೇಳಿರಲಿಲ್ಲ, ಹಾಗಾಗಿ ಈ ಸಲ ಬಾಯಿ ಬಿಗಿಹಿಡಿದಿದ್ದಳು. ಬಾಯಿ ಮುಚ್ಚಿದ್ದೇ ಕೈಗೆ ಕೆಲಸ ಮರೆತುಹೋಯಿತು. ಲಾರಿ ನೇರ ಕಂಬಕ್ಕೆ. ಮತ್ತೆ ಆಡಿದಳು, ಮತ್ತೆ ಕಂಬ. ಬೈಗುಳವಿಲ್ಲದೆ ತನ್ನ ಲಾರಿ ಹಿಂದಕ್ಕೆ ಬರುವುದಿಲ್ಲ ಎಂಬುದು ಖಾತ್ರಿಯಾಯಿತು.

ಅಷ್ಟರಲ್ಲಿ ಹೊರಗಿನಿಂದಲೇ ಪಾಲಾಕ್ಷಪ್ಪನ ದನಿ. "ಏನ್ ತಂಗಿ, ಇವತ್ತು ಪಿಚ್ಚರ್ ಇಲ್ಲೇನು?"

ಮುಮ್ತಾಜ್ ಬೇಗಂ ಬಾಗಿಲಲ್ಲಿ ನಿಂತು ಒಂದು ಗಳಿಗೆ ಯೋಚಿಸಿದಳು. ಸುಳ್ಳುಗಾತಿ ಅನ್ನಿಸಿಕೊಳ್ಳುವುದಕ್ಕಿಂತ ಬಾಯಿಬಡುಕಿ ಅನ್ನಿಸಿಕೊಳ್ಳುವುದು ಮೇಲು ಎನಿಸಿತು. "ಬಾ ಅಣ್ಣಾ, ಐತಿ. ಆದ್ರ ಕಣ್ಣಿಂದ ಅಷ್ಟ ನೋಡು, ಕಿವಿಯಿಂದ ಕೇಳಬ್ಯಾಡ."

ರಾಜಾಸಾಬನೂ ಬಂದ. ವಿಡಿಯೊ ಶುರುವಾಯಿತು. ಸೈಲೆನ್ಸರಿನ ಮಾತು ಬಂದಾಗ ರಾಜಾಸಾಬ್ ಕೆಮ್ಮಿದ. ಸಿಮೆಂಟಿನ ಮಾತು ಬಂದಾಗ ಇನ್ನೂ ಜೋರಾಗಿ ಕೆಮ್ಮಿದ. ಪಾಲಾಕ್ಷಪ್ಪ ಮಿಸುಕಲಿಲ್ಲ. ಮೀಸೆಯ ತುದಿ ಮಾತ್ರ ಅಲುಗುತ್ತಿತ್ತು. ಮುಮ್ತಾಜ್ ಬೇಗಂ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಳು.

ಲಾರಿ ಗೋದಾಮಿನ ಮುಂದೆ ಓರೆಯಾಗಿ ನಿಂತಿತು. ಬೈಗುಳ ನಿಂತಿತು. ದನಿ ಸಣ್ಣದಾಯಿತು, ತನಗೆ ತಾನೇ ಪಾಠ ಒಪ್ಪಿಸುವವರ ದನಿ.

"ತಡಿ, ತಡಿ. ಪಾಲಾಕ್ಷಣ್ಣ ಏನಂತಾನ? ಬಾಲ ಎಡಕ್ಕ ಹೋಗ್ಬೇಕಂದ್ರ ಸ್ಟೇರಿಂಗ್ ಬಲಕ್ಕ. ಅವಸರ ಮಾಡಬ್ಯಾಡ ಅಂತಾನ. ಕನ್ನಡಿ ನೋಡು ಅಂತಾನ. ಹಾಂ... ಇನ್ನೀಟು... ಹೋತು, ಹೋತು ನೋಡು, ಶಾಬಾಸ್!"

ಮುಮ್ತಾಜ್ ಬೇಗಂ ಬೆಚ್ಚಿಬಿದ್ದಳು. ಬೈಗುಳ ಕೇಳಿಯೇ ಮುಖ ಮುಚ್ಚಿಕೊಂಡಿದ್ದವಳು ಮುಂದಿನದನ್ನು ಕೇಳಿಸಿಕೊಂಡೇ ಇರಲಿಲ್ಲ. ಒಳಗೆ ಹೊಲಿಗೆ ಹಾಕುತ್ತಾ ವರ್ಷಗಟ್ಟಲೆ ಕಿವಿಗೆ ಬಿದ್ದ ಬೆಂಚಿನ ಮಾತುಗಳು ಯಾವಾಗ ಬೆರಳಿಗೆ ಇಳಿದಿದ್ದವೋ ಆಕೆಗೂ ಗೊತ್ತಿರಲಿಲ್ಲ.

ಪರದೆಯ ಮೇಲೆ ಟ್ರೇಲರು ಎಲ್ಲಿಯೂ ತಾಗದೆ ನಿಂತಿತ್ತು. ಬೋರ್ಡಿಲ್ಲ, ಕತ್ತರಿಯಿಲ್ಲ. ಪಾಲಾಕ್ಷಪ್ಪ ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡ.

"ಇನ್ನೊಮ್ಮಿ ಹಚ್ಚು ತಂಗಿ."

"ಲಾರಿ ನಿಂತಿದ್ದೇನು?"

"ಲಾರಿ ನೋಡೀನಿ. ಪಾಲಾಕ್ಷಣ್ಣ ಏನಂತಾನ ಅಂತ ಐತಲ್ಲ, ಅಲ್ಲಿಂದ ಹಚ್ಚು."

ಮೂರು ಸಲ ಹಚ್ಚಿಸಿಕೊಂಡು ಕೇಳಿದ. ಆಮೇಲೆ, ಸೈಲೆನ್ಸರಿಗೆ ನಿಜಕ್ಕೂ ತೂತು ಬಿದ್ದರೆ ಯಾವ ಸದ್ದು ಬರುತ್ತದೆಂದು ಬಾಯಿಯಿಂದಲೇ ಮಾಡಿ ತೋರಿಸಿದ. ಮುಮ್ತಾಜ್ ಬೇಗಂ ಮೊದಲು ತಡೆದುಕೊಂಡಳು, ಆಮೇಲೆ ಆಗಲಿಲ್ಲ. ಕುರ್ಚಿ ಹಿಡಿದುಕೊಂಡು ನಕ್ಕಳು. ರಾಜಾಸಾಬನಿಗೆ ಕೆಮ್ಮುವ ಕೆಲಸ ತಪ್ಪಿತು.

ಮೊದಲೆರಡು ಸಾಫ್ಟ್‌ವೇರುಗಳನ್ನು ಅಂದೇ ಕಂಪ್ಯೂಟರಿನಿಂದ ತೆಗೆದುಹಾಕಿದಳು. ಮೂರನೆಯದು ಉಳಿಯಿತು, ಮೈಕೂ ಉಳಿಯಿತು. ಶನಿವಾರ ಕೌಸರ್ ಬಂದಾಗ ಇನ್ನು ಮುಂದೆ ಎರಡೂ ದನಿ ಬೇರೆಬೇರೆ ಹಿಡಿಯುವಂತೆ ಮಾಡಿಕೊಟ್ಟು, ಈ ವಿಡಿಯೊ ಯೂಟ್ಯೂಬಿಗೆ ಹಾಕೋಣವೇ ಎಂದು ಕೇಳಿದಳು. ಉರ್ದುವಿನಲ್ಲಿ ಅಂದದ್ದನ್ನು ಬಿಟ್ಟು ಹಾಕು ಎಂದಳು ತಾಯಿ.

ಆ ಹೊತ್ತಿಗೆ ಪಾಲಾಕ್ಷಪ್ಪ ಕಂಪ್ಯೂಟರಿನ ಮುಂದೆ ಕೂತಾಗಿತ್ತು. ಎರಡೂ ಕೈ ಕೀಬೋರ್ಡಿನ ಮೇಲೆ, ಎರಡೂ ಕಾಲು ಮೇಜಿನ ಕೆಳಗೆ ಏನನ್ನೋ ತಡಕಾಡುತ್ತಿದ್ದವು.

"ಕ್ಲಚ್ ಎಲ್ಲೈತಿ ಇದ್ರಾಗ?"

"ಕ್ಲಚ್ ಇಲ್ಲಣ್ಣ."

"ಕ್ಲಚ್ ಇಲ್ದ ಲಾರಿ ಓಡ್ಸೀಯೇನು ನೀನು?" ಎಂದು ಅವನು ಹಿಂದಕ್ಕೆ ತಿರುಗುವಷ್ಟರಲ್ಲಿ ಲಾರಿ ಹಸುಗಳ ಸಮೇತ ರಸ್ತೆ ಬಿಟ್ಟು ಹೊಳೆಗೆ ಇಳಿದಿತ್ತು.