ಮಧುಸೂದನನ ಕೋಟೆಯಾಟ

ನೋಡುವವರು ಯಾರೂ ಇಲ್ಲದ ಕಡೆಯೂ ದಾಳವನ್ನು ಮೋಸವಿಲ್ಲದೆ ಉರುಳಿಸುವ ಮನುಷ್ಯನನ್ನು ನನ್ನ ಐವತ್ತಮೂರು ವರ್ಷಗಳಲ್ಲಿ ನಾನು ಒಬ್ಬನನ್ನೇ ಕಂಡಿದ್ದೇನೆ. ಚಾಮರಾಜಪೇಟೆಯ ತನ್ನ ಮನೆಯ ಹಾಲಿನಲ್ಲಿ, ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಇಪ್ಪತ್ತು ಮುಖದ ಹಳದಿ ದಾಳವನ್ನು ಊಟದ ಮಣೆಯ ಮೇಲೆ ಎಸೆದು, ಅದು ಅಂಚು ದಾಟಿ ನೆಲಕ್ಕೆ ಜಾರಿದರೆ, ಇಪ್ಪತ್ತೇ ಬಿದ್ದಿದ್ದರೂ, "ಇದು ಲೆಕ್ಕಕ್ಕಿಲ್ಲ" ಎಂದು ತನಗೆ ತಾನೇ ಹೇಳಿಕೊಂಡು ಮತ್ತೆ ಎಸೆಯುತ್ತಿದ್ದ ನನ್ನ ಗೆಳೆಯ ಮಧುಸೂದನ. ಎದುರಿಗೆ ಇರುತ್ತಿದ್ದದ್ದು ಗೋಡೆಗೆ ಒರಗಿಸಿದ ಒಂದು ಟ್ಯಾಬ್ ಮಾತ್ರ. ದಾಳ ಎಷ್ಟು ಬಿತ್ತೆಂದು ಅವನು ಏನು ಹೇಳಿದರೂ ಅದರೊಳಗಿನ ಎಐ ನಂಬುತ್ತಿತ್ತು.

ಮೂವತ್ತು ವರ್ಷ ಅಕ್ಕಿಪೇಟೆಯ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದಿದವನು ಅವನು. ಎಡ ಹೆಗಲನ್ನು ಸ್ವಲ್ಪ ತಗ್ಗಿಸಿ, ಅಂಗಡಿ ಬೋರ್ಡುಗಳನ್ನೆಲ್ಲ ಓದುತ್ತ, ಒಂದೊಂದರ ಮುಂದೂ ನಿಂತು ನಿಟ್ಟುಸಿರು ಬಿಡುತ್ತ ನಡೆಯುವ ಅವನ ಜೊತೆ ಗಾಂಧಿ ಬಜಾರಿಗೆ ಹೋಗಿಬರುವುದೆಂದರೆ ಒಂದು ಅರ್ಧ ದಿನದ ಕೆಲಸ. ಮೇ ತಿಂಗಳಲ್ಲೂ ಮೈಬಿಡದ ಕಂದು ಬಣ್ಣದ ಸ್ವೆಟರ್, ಕಿವಿಯ ಮೇಲೊಂದು ಕೆಂಪು ಪೆನ್ಸಿಲ್, ಯಾರು ಏನೇ ಕಷ್ಟ ಹೇಳಿಕೊಂಡರೂ ತಾಳ್ಮೆಯಿಂದ ಕೇಳಿ "ಇರ್ಲಿ, ಮುಂದೆ?" ಎನ್ನುವ ಒಂದು ಮಾತು. ಒಮ್ಮೆ ಅವನ ಕಣ್ಣು ತಪ್ಪಿಸಿ ಒಂದು ಲಗ್ನಪತ್ರಿಕೆಯಲ್ಲಿ ಮುಹೂರ್ತದ ವೇಳೆ ತಪ್ಪಾಗಿ ಅಚ್ಚಾಯಿತು. ಪ್ರೆಸ್ಸಿನ ಯಜಮಾನರು ಸುಮ್ಮನಿರಲು ಹೇಳಿದರೂ ಕೇಳದೆ, ಬಿನ್ನಿಪೇಟೆಯ ಆ ಮದುವೆ ಮನೆಗೆ ತಾನೇ ಹೋಗಿ, ಅವರ ಬೈಗುಳಗಳ ನಡುವೆ ಕೂತು, ನಾನೂರು ಪತ್ರಿಕೆಗಳನ್ನೂ ಕೈಯಲ್ಲೇ ತಿದ್ದಿ ಬಂದಿದ್ದ.

ಕೋಟೆಯಾಟ ಎಂದು ನಾವು ಕರೆಯುತ್ತಿದ್ದ ಆ ಆಟ ಶುರುವಾದದ್ದು ಕಾಲೇಜಿನ ದಿನಗಳಲ್ಲಿ, ಅವೆನ್ಯೂ ರಸ್ತೆಯಲ್ಲಿ ಸಿಕ್ಕ ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕದಿಂದ. ಒಬ್ಬ ಕಥೆ ಹೇಳಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಬೇಕು. ಬಾಗಿಲು ಒಡೆಯುತ್ತದೋ, ರಕ್ಕಸ ಬೀಳುತ್ತಾನೋ ಎಂಬುದನ್ನು ದಾಳ ತೀರ್ಮಾನಿಸಬೇಕು; ಹೆಚ್ಚು ಬಿದ್ದರೆ ಗೆಲುವು, ಕಡಿಮೆ ಬಿದ್ದರೆ ಪೆಟ್ಟು. ಶಶಿಕುಮಾರ್ ಕಥೆ ಹೇಳುತ್ತಿದ್ದ. ನಾನೂ ಮಧುವೂ ಆಡುತ್ತಿದ್ದೆವು. ಮದುವೆ, ಮಕ್ಕಳು, ಪ್ರಮೋಷನ್ನು ಎಲ್ಲದರ ನಡುವೆಯೂ ಇಪ್ಪತ್ತೈದು ವರ್ಷ ಭಾನುವಾರಗಳು ಹಾಗೇ ನಡೆದವು. ಆಮೇಲೆ ಶಶಿ ಸೈಟು ವ್ಯವಹಾರಕ್ಕಿಳಿದು ಭಾನುವಾರಗಳನ್ನು ಗಿರಾಕಿಗಳಿಗೆ ಒಪ್ಪಿಸಿದ. ನನಗೆ ಅಂಥ ಕಾರಣವೂ ಇರಲಿಲ್ಲ. "ಮುಂದಿನ ವಾರ ಬರ್ತೀನಿ ಕಣೋ" ಎಂದು ಎಷ್ಟು ವಾರ ಹೇಳಿದೆನೋ ನೆನಪಿಲ್ಲ; ಒಂದು ದಿನ ಅವನು ಕರೆಯುವುದನ್ನೇ ನಿಲ್ಲಿಸಿದಾಗ ನನಗೆ ಹಾಯೆನಿಸಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.

ವರ್ಷಗಳ ನಂತರ ಅವನಿಗೆ ಈ ಎಐ ಸಿಕ್ಕಿತು. ಅದು ಕನ್ನಡದಲ್ಲೇ ಕಥೆ ಹೇಳುತ್ತದೆ, ಬೇಸರಪಡುವುದಿಲ್ಲ, ಗಡಿಯಾರ ನೋಡುವುದಿಲ್ಲ. ದಾಳವನ್ನೂ ತಾನೇ ಹಾಕುತ್ತೇನೆ ಎಂದು ಅದು ಮುಂದೆ ಬಂದಾಗ ಇವನು, "ಕಥೆ ನಿಮ್ಮದು, ದಾಳ ನಂದು" ಎಂದು ಬರೆದನಂತೆ. ಕಥೆ ಹೇಳುವವರಿಗೆ ಮರ್ಯಾದೆ ಕೊಡಬೇಕೆಂಬುದು ಅವನ ನಿಯಮ. ಅವನ ಹೆಂಡತಿ ಸುಪ್ರಜಾ ನಗುತ್ತ ನನ್ನ ಹತ್ತಿರ ದೂರಿದ್ದರು: "ನೋಡಿ ಕೇದಾರ್, ಆ ಮೆಷಿನ್‌ಗೆ ಬನ್ನಿ ಹೋಗಿ ಅಂತಾರೆ, ನನಗೆ ಮಾತ್ರ 'ಏ, ಕಾಫಿ'."

ಮೂರು ವರ್ಷ ಹೀಗೆ ಒಬ್ಬನೇ ಆಡಿದ. ಅವನ ಪಾತ್ರ ಹೊನ್ನಗ ಎಂಬ ಅಂಬಿಗ. ರಕ್ಕಸನ ಕೋಟೆಯಲ್ಲಿ ಸೆರೆಯಾದ ತಮ್ಮನನ್ನು ಬಿಡಿಸಿ ತರಲು ಹೊರಟವನು. ಕಳೆದ ಮಾಗಿಯಲ್ಲಿ ಮಧು ಫೋನು ಮಾಡಿ, "ಕೊನೇ ಗೋಡೆ ಹತ್ತಬೇಕು ಕಣೋ. ಆಡ್ಬೇಡ, ಸುಮ್ನೆ ಪಕ್ಕದಲ್ಲಿ ಕೂತ್ಕೋ ಬಾ" ಎಂದ. ಹೋದೆ. ಹೊನ್ನಗ ಅಷ್ಟರಲ್ಲಿ ದೋಣಿ, ನಾಯಿ, ಎಡಗೈ ಮೂರನ್ನೂ ಕಳೆದುಕೊಂಡಿದ್ದ. ಆ ದಿನವೂ ದಾಳ ಮುನಿಸಿಕೊಂಡಿತ್ತು. ಮೂರು, ಐದು, ನಾಲ್ಕು. ಪ್ರತಿಸಲವೂ ಮಧು ಆ ಸಂಖ್ಯೆಯನ್ನೇ ಟೈಪ್ ಮಾಡಿ, ಬಂದ ಪೆಟ್ಟನ್ನು ಓದಿ, "ಇರ್ಲಿ, ಮುಂದೆ?" ಎನ್ನುತ್ತಿದ್ದ. ಇನ್ನೊಮ್ಮೆ ಸೋತರೆ ಹೊನ್ನಗ ಸಾಯುತ್ತಾನೆ, ಆಟ ಮುಗಿಯುತ್ತದೆ. ನನಗೆ ತಡೆಯಲಾಗಲಿಲ್ಲ. ಅದು ಕರುಣೆಯೆಂದು ಅಂದುಕೊಂಡಿದ್ದೆ. ಈಗ ನೋಡಿದರೆ, ಬಿಟ್ಟುಹೋದ ಅಷ್ಟೂ ಭಾನುವಾರಗಳ ಅಪರಾಧವನ್ನು ಅಗ್ಗದಲ್ಲಿ ತೀರಿಸಿಕೊಳ್ಳುವ ಆಸೆ ಅದು.

ಅವನು ಕಾಫಿಗೆ ಹೇಳಲು ಒಳಗೆ ಹೋದ. ನಾನು ಟ್ಯಾಬ್ ಎಳೆದುಕೊಂಡು ಬರೆದೆ: "ಇನ್ನು ಏನು ಬಿದ್ದರೂ ಹೊನ್ನಗನನ್ನು ಗೆಲ್ಲಿಸು. ಇದನ್ನು ಅವನಿಗೆ ತಿಳಿಸಬೇಡ." ಅದು ವಿಧೇಯವಾಗಿ ಒಪ್ಪಿಕೊಂಡಿತು. ಆಮೇಲೆ ಕೋಟೆಯನ್ನು ಉದ್ದಕ್ಕೆ ವರ್ಣಿಸಲು ಅದಕ್ಕೆ ಹೇಳಿ, ಆ ಸಾಲುಗಳು ಪರದೆಯಿಂದ ಮೇಲಕ್ಕೆ ಸರಿದು ಮರೆಯಾಗುವಂತೆ ಮಾಡಿದೆ. ಮಧು ಬಂದು ಕೂತು ದಾಳ ಎಸೆದ. ಎರಡು ಬಿತ್ತು. ಮುಖ ಬಿಳಿಚಿಕೊಂಡರೂ ಎರಡು ಎಂದೇ ಬರೆದ. ಹೊನ್ನಗನ ಕಾಲು ಜಾರಿತು, ಆದರೆ ಒಂದು ಬೇರು ಅವನನ್ನು ಹಿಡಿದುಕೊಂಡಿತು. ಗೋಡೆ ಹತ್ತಿದ, ಬಾಗಿಲು ತೆರೆಯಿತು, ತಮ್ಮ ಹೊರಗೆ ಬಂದ. ಮಧು ಸ್ವೆಟರಿನ ತುದಿಯಿಂದ ಕಣ್ಣೊರೆಸಿಕೊಂಡು, "ಸುಪ್ರಜಾ, ಸಿಕ್ಕಿದ ಕಣೇ" ಎಂದು ಅಡುಗೆಮನೆಯ ಕಡೆ ಕೂಗಿದ. ಅಷ್ಟು ಸಂತೋಷವಾಗಿ ಅವನನ್ನು ನಾನು ಕಂಡದ್ದೇ ಇಲ್ಲ.

ಅವನು ಕರಡು ತಿದ್ದುವವನೆಂಬುದನ್ನೇ ನಾನು ಮರೆತಿದ್ದೆ. ಪ್ರತಿ ವಾರ ಆಟಕ್ಕೆ ಮೊದಲು ಹಿಂದಿನ ವಾರದ್ದನ್ನು ಮೊದಲ ಸಾಲಿನಿಂದ ಓದುವುದು ಅವನ ಪದ್ಧತಿ. ಮುಂದಿನ ಭಾನುವಾರ ನಾನು ಹೋದಾಗ ಟ್ಯಾಬನ್ನು ನನ್ನ ಕಡೆ ತಿರುಗಿಸಿದ.

"ಇದು ನೀನು ಬರೆದಿದ್ದೇನೋ?"

"ಹೂಂ. ಆಟ ತಾನೇ ಮಧು."

"ಆಟ ಅಂತಾನೇ ಕಣೋ ಕೇಳಿದ್ದು. ಎರಡು ಬಿದ್ದಿತ್ತಲ್ಲೋ ನಂಗೆ."

ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಟ್ಯಾಬನ್ನು ತನ್ನ ಕಡೆ ಎಳೆದುಕೊಂಡು, ಒಂದೊಂದೇ ಅಕ್ಷರ ಒತ್ತುತ್ತ ಬರೆದ: "ಸ್ವಾಮಿ, ಎರಡು ಬಿದ್ದಿತ್ತು. ನಡುವೆ ನನ್ನ ಸ್ನೇಹಿತ ಬರೆದದ್ದನ್ನು ಬಿಟ್ಟು, ಆಗಬೇಕಾದದ್ದನ್ನೇ ದಯವಿಟ್ಟು ಹೇಳಿ." ಅದು ಹೇಳಿತು. ಬೇರು ಹರಿಯಿತು. ಹೊನ್ನಗ ಕಂದಕಕ್ಕೆ ಬಿದ್ದ. ಮೇಲೆ ಎಲ್ಲೋ ಕತ್ತಲಲ್ಲಿ ತಮ್ಮ ಅಣ್ಣನ ಹೆಸರು ಹಿಡಿದು ಕೂಗುತ್ತಲೇ ಇದ್ದ. ಮಧು ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿ, ಟ್ಯಾಬನ್ನು ಮುಚ್ಚಿಟ್ಟು, "ತಿಂಡಿ ತಿನ್ಕೊಂಡು ಹೋಗು" ಎಂದ.

ಈಗಲೂ ಚಾಮರಾಜಪೇಟೆಯ ಮಕ್ಕಳ ಕೂಟ ಸರ್ಕಲ್ಲಿನ ಹತ್ತಿರ ಸಿಗುತ್ತಾನೆ, ನನ್ನ ಬಿಪಿ ವಿಚಾರಿಸುತ್ತಾನೆ. ಆಡುತ್ತಿದ್ದಾನೋ ಇಲ್ಲವೋ ಹೇಳುವುದಿಲ್ಲ. ಕೇಳುವ ಮುಖ ನನಗಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೀಗೆ ಯಾವುದೋ ಮೂಲೆಯಲ್ಲಿ ಕೂತು, ಯಾರೂ ಕೇಳದ ನಿಯಮವೊಂದನ್ನು ಪಾಲಿಸುವ ಜನ ನಮ್ಮ ಹಳೆಯ ಬಡಾವಣೆಗಳಲ್ಲಿ ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ನಮ್ಮ ಕಣ್ಣಿಗೆ ಅವರು ಸದಾ ಸೋಲುತ್ತಿರುವವರ ಹಾಗೆ ಕಾಣುತ್ತಾರೆ, ಆದ್ದರಿಂದ ಕನಿಕರಪಡುತ್ತೇವೆ. ಅವರು ನಮ್ಮಿಂದ ಗೆಲುವನ್ನು ಎಂದೂ ಕೇಳಿರುವುದಿಲ್ಲ. ಸೋಲುವಾಗ ಪಕ್ಕದಲ್ಲಿ ಸುಮ್ಮನೆ ಕೂತಿರು ಎಂದಷ್ಟೇ ಕೇಳಿರುತ್ತಾರೆ, ಮತ್ತು ನಮ್ಮಂಥವರಿಗೆ ಅದೊಂದೇ ಬರುವುದಿಲ್ಲ.