ಬೆಲ್ಲ ಹಾಕದ ನೀರು

ರಕ್ಷಾಳಿಗೆ ನಾಲ್ಕೂವರೆ ವರ್ಷ. ಸಕ್ಕರೆ ಕಾಯಿಲೆ ಎಂದರೆ ಮುದುಕರ ಸ್ವತ್ತು ಎಂದು ನಂಬಿದ್ದ ಊರಿಗೆ ಅವಳನ್ನು ಕಂಡರೆ ಅಚ್ಚರಿ, ಕನಿಕರ, ಒಂದಿಷ್ಟು ಭಯ. ಪೇಟೆಯ ನರ್ಸರಿಯವರು "ನಮ್ಮಲ್ಲಿ ಬಿಸಿಲು ಜಾಸ್ತಿ, ಮಗೂಗೆ ಆಗಲ್ಲ" ಎಂದು ನಯವಾಗಿ ಬಾಗಿಲು ತೋರಿಸಿದ್ದರು. ಬಿಸಿಲೇನು ಅವರೊಬ್ಬರ ಅಂಗಳಕ್ಕೇ ಬೀಳುತ್ತದೆಯೇ! ಕೊನೆಗೆ ನಗರವೆಂಬ ಆ ಊರಿನ ಕೋಟೆಯ ಕೆಳಗಿನ ಅಂಗನವಾಡಿಯ ದೀಪಶ್ರೀ ಟೀಚರ್ "ನಾನು ನೋಡ್ಕೊಳ್ತೀನಿ, ಕಳ್ಸಿ" ಎಂದುಬಿಟ್ಟಳು. ಹೇಳುವಾಗ ಧೈರ್ಯವಿತ್ತು. ಮಗು ಬಂದು ಕೂತ ಮೇಲೆ ಎದೆಯಲ್ಲಿ ಸದಾ ಪುಕಪುಕ.

ಡಾಕ್ಟರು ಬಿಡಿಸಿ ಹೇಳಿದ್ದರು. ಇನ್ಸುಲಿನ್ ತೆಗೆದುಕೊಳ್ಳುವ ಮಗುವಿಗೆ ಸಕ್ಕರೆ ಏರುವುದು ಒಂದು ಕಷ್ಟವಾದರೆ, ಇದ್ದಕ್ಕಿದ್ದಂತೆ ಇಳಿಯುವುದು ಇನ್ನೊಂದು. ಇಳಿದಾಗ ಕೂಡಲೇ ಸಿಹಿ ಕೊಡದಿದ್ದರೆ ಮಗು ಎಚ್ಚರ ತಪ್ಪಬಹುದು. ಹಾಗಾಗಿ ಬೆರಳು ಚುಚ್ಚಿ ನೋಡುವ ಪುಟ್ಟ ಯಂತ್ರವೂ ಬೆಲ್ಲದ ಡಬ್ಬಿಯೂ ದೀಪಶ್ರೀಯ ಮೇಜಿನ ಮೇಲೇ ಇರುತ್ತಿದ್ದವು. ಆ ಡಬ್ಬಿ ಮೊದಲು ಸಹಾಯಕಿ ಪುಷ್ಪಮ್ಮನದು. ಸೂಪರ್‌ವೈಸರ್ ಬರಲಿ, ಗ್ಯಾಸಿನವನು ಬರಲಿ, ಪುಷ್ಪಮ್ಮ ಬೆಲ್ಲ ನೀರು ಹಿಡಿದೇ ಎದುರುಗೊಳ್ಳುವವಳು. "ಬಾಯಾರಿ ಬಂದೋರಿಗೆ ಬರೀ ನೀರು ಕೊಡಬಾರ್ದು ಟೀಚ್ರೆ. ನಮ್ಮಮ್ಮ ಕಲ್ಸಿದ್ದು."

ಒಂದು ಮಧ್ಯಾಹ್ನ ಮಕ್ಕಳಿಗೆ ಹಾಡು ಹೇಳಿಸುತ್ತಿರುವಾಗ ರಕ್ಷಾ ಬಾಗಿಲ ಕಡೆ ತಿರುಗಿ ಕೂತಳು.

"ಟೀಚರ್, ಅಕ್ಕ ಬಂದ್ಲು. ನಂಗೆ ಬೆಲ್ಲ ನೀರು ಕೊಡ್ಬೇಕಂತೆ."

ಬಾಗಿಲಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ.

"ಇಲ್ಲದಿರೋ ಅಕ್ಕನ ಹೆಸ್ರು ಹೇಳಿ ಬೆಲ್ಲ ತಿನ್ಬೇಕಾ, ಕಳ್ಳಿ?" ದೀಪಶ್ರೀ ನಗುತ್ತಲೇ ಯಂತ್ರ ತೆಗೆದಳು. ಐವತ್ತೆರಡು; ಎಪ್ಪತ್ತಕ್ಕಿಂತ ಕೆಳಗಿಳಿಯಬಾರದು. ನಗು ಅಲ್ಲಿಗೇ ನಿಂತಿತು. ಬೆಲ್ಲ ನೀರು ಕುಡಿಸಿ, ಮಗುವಿನ ಮುಖಕ್ಕೆ ಕಳೆ ಬರುವವರೆಗೆ ಅವಳನ್ನು ಮಡಿಲಿನಿಂದ ಇಳಿಸಲಿಲ್ಲ.

ಆಮೇಲೆ ಅದೇ ರೂಢಿಯಾಯಿತು. ಅಕ್ಕ ಬಂದಳೆಂದರೆ ಸಕ್ಕರೆ ಇಳಿದಿದೆ ಎಂದೇ ಲೆಕ್ಕ, ಒಮ್ಮೆಯೂ ತಪ್ಪಲಿಲ್ಲ. ಫೋನಿನಲ್ಲಿ ಕೇಳಿದರೆ ಡಾಕ್ಟರು, "ಇಳಿದಾಗ ಕಣ್ಣಿಗೆ ಏನೇನೋ ಕಾಣ್ಬೋದಮ್ಮ, ಹೆದರ್ಬೇಡಿ" ಎಂದರು. ದೀಪಶ್ರೀ ಅದನ್ನೇ ನಂಬಿಕೊಂಡಳು. ನಂಬಲು ಕಷ್ಟವಾದದ್ದು ಬೇರೆ ಮಕ್ಕಳ ವಿಷಯ. ದುಂಡಗೆ ಕೂರಿಸಿದರೆ ಅವರು ಬಾಗಿಲ ಬದಿಗೆ ಒಂದು ಮಗು ಕೂರುವಷ್ಟು ಜಾಗ ಬಿಡುತ್ತಿದ್ದರು. "ಯಾಕ್ರೋ? ಹತ್ರ ಸರ್ಕೊಳ್ಳಿ" ಎಂದರೆ ಒಬ್ಬರೂ ಸರಿಯುತ್ತಿರಲಿಲ್ಲ.

ಬಿಸಿಲು ಏರಿದ ದಿನಗಳಲ್ಲಿ, ಜ್ವರವೆಂದು ಮನೆಯಲ್ಲಿದ್ದ ಲಿಖಿತ್ ಮತ್ತೆ ಬಂದ. ಗುಂಡುಗುಂಡಗಿದ್ದ ಹುಡುಗ ಕಡ್ಡಿಯಾಗಿದ್ದ. ಗಳಿಗೆಗೊಮ್ಮೆ ನೀರಿನ ಕೊಡದ ಹತ್ತಿರ ಹೋಗುವನು, ಕೂತಲ್ಲೇ ಚಾಪೆ ಒದ್ದೆ ಮಾಡುವನು. "ಬಿಸಿಲಿಗೆ ಬಾಯಾರ್ತದೆ ಪಾಪ" ಎಂದು ಪುಷ್ಪಮ್ಮ ಲೋಟದಲ್ಲಿ ಬೆಲ್ಲ ಕದಡತೊಡಗಿದಳು.

"ಟೀಚರ್, ಅಕ್ಕ ಬಂದಿದಾಳೆ" ಎಂದಳು ರಕ್ಷಾ.

ದೀಪಶ್ರೀ ಓಡಿ ಬಂದು ಚುಚ್ಚಿದಳು. ನೂರ ಮೂವತ್ತು. "ನಿಂಗೆ ಸರಿ ಇದ್ಯಲ್ಲೇ?"

"ನಂಗಲ್ಲ. ಲಿಖಿತ್ ಪಕ್ಕ ಕೂತಿದಾಳೆ. ಅವ್ನಿಗೆ ಬೆಲ್ಲ ಬೇಡ ಅಂತಿದಾಳೆ. ಕೊಟ್ರೆ ಅವ್ನೂ ತನ್ ಹಂಗೇ ಆಗ್ತಾನೆ ಅಂತ ಅಳ್ತಿದಾಳೆ."

ದೀಪಶ್ರೀ ತಿರುಗಿ ನೋಡಿದಳು. ಬಾಗಿಲ ಬದಿಯ ಜಾಗ ತುಂಬಿಹೋಗಿತ್ತು. ಮಕ್ಕಳು ಇವತ್ತು ಲಿಖಿತನ ಪಕ್ಕದಲ್ಲಿ ಜಾಗ ಬಿಟ್ಟು ಕೂತಿದ್ದರು. ಪುಷ್ಪಮ್ಮನ ಲೋಟ ಹುಡುಗನ ತುಟಿಗೆ ತಾಗುವುದರಲ್ಲಿತ್ತು. ಮಗುವಿನ ಮಾತಿಗೆ ಕುಣಿಯುತ್ತೀಯಾ ಎಂದು ಬುದ್ಧಿ ಕೇಳುವ ಮೊದಲೇ ಕೈ ಮುಂದೆ ಹೋಗಿ ಲೋಟವನ್ನು ತಳ್ಳಿಬಿಟ್ಟಿತ್ತು.

ಬಗ್ಗಿ ನೋಡಿದಾಗ ಹುಡುಗ ಏದುಸಿರು ಬಿಡುತ್ತಿದ್ದ, ಅವನ ಬಾಯಿಂದ ಕೊಳೆತ ಹಣ್ಣಿನ ವಾಸನೆ ಬಡಿಯಿತು. ಹೊಸ ಸೂಜಿ ಹಾಕಿ ಚುಚ್ಚಿದಳು. ಅಂಕಿಯೇ ಬರಲಿಲ್ಲ, ಸಕ್ಕರೆ ಯಂತ್ರದ ಅಳತೆಯನ್ನೂ ಮೀರಿ ಏರಿತ್ತು. ರಕ್ಷಾಳ ಅಪ್ಪ ಉಮೇಶನ ಗೂಡ್ಸ್ ಆಟೋದಲ್ಲಿ ಹೊಸನಗರಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಸಾಗಿಸಿದರು. ಹುಡುಗ ಉಳಿದ. ಇದೂ ರಕ್ಷಾಳದ್ದೇ ಕಾಯಿಲೆ, ತಡವಾಗಿದ್ದರೆ ರಾತ್ರಿ ದಾಟುತ್ತಿರಲಿಲ್ಲ ಎಂದರಂತೆ ಅಲ್ಲಿಯ ಡಾಕ್ಟರು.

ಮರುದಿನ ಪುಷ್ಪಮ್ಮ ಒಲೆ ಹಚ್ಚದೆ ರಕ್ಷಾಳ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು.

"ಆ ಅಕ್ಕ ಹೆಂಗಿದಾಳೆ ಮಗಾ?"

"ನನಗಿಂತ ಸ್ವಲ್ಪ ದೊಡ್ಡೋಳು. ಓಲೆ ಇಲ್ಲ. ಕಿವೀಲಿ ಕಡ್ಡಿ ಇಟ್ಕೊಂಡಿದಾಳೆ."

ಪುಷ್ಪಮ್ಮ ನೆಲಕ್ಕೆ ಕೈಯೂರಿದಳು. ಆಮೇಲೆ ದೀಪಶ್ರೀಯ ಕಡೆ ತಿರುಗಿದಳು.

"ಈ ಕಟ್ಟಡ ಆಗೋ ಮುಂಚೆ ಇಲ್ಲೇ ನಮ್ಮನೆ ಇದ್ದಿದ್ದು ಟೀಚ್ರೆ. ನನ್ ಅಕ್ಕಂಗೆ ಕಿವಿ ಚುಚ್ಚಿ ಬೇವಿನ ಕಡ್ಡಿ ಇಟ್ಟಿದ್ರು. ಓಲೆ ಹಾಕೋದ್ರೊಳಗೆ ಹೋದ್ಲು. ನೀರು, ನೀರು ಅಂತಿದ್ಲು. ಗಾಳಿ ಸೋಕಿದೆ ಅಂತ ತಾಯ್ತ ಕಟ್ಟಿದ್ರು. ಬರೀ ನೀರು ಕೊಡಬಾರ್ದು ಅಂತ ಅಮ್ಮ ಪ್ರತಿ ಸಲಾನೂ ಬೆಲ್ಲ ಹಾಕೇ ಕೊಟ್ಲು. ಪ್ರೀತಿಗೆ ಟೀಚ್ರೆ, ಪ್ರೀತಿಗೆ."

ಹೆತ್ತವಳ ಕೈಯ ಪ್ರೀತಿಯೇ ವಿಷವಾಗುವುದಕ್ಕಿಂತ ದೊಡ್ಡ ಅನ್ಯಾಯ ಲೋಕದಲ್ಲಿ ಉಂಟೇ?

ಪುಷ್ಪಮ್ಮ ಎದ್ದು ಲೋಟವನ್ನು ಎರಡೆರಡು ಸಲ ತೊಳೆದಳು. ಬೆಲ್ಲದ ಡಬ್ಬಿಯ ಕಡೆ ಅಭ್ಯಾಸಬಲದಿಂದ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಕೊಡದಿಂದ ಬರೀ ನೀರನ್ನಷ್ಟೇ ತುಂಬಿ ಹೊಸ್ತಿಲ ಮೇಲಿಟ್ಟಳು. ಅರವತ್ತು ಸಮೀಪಿಸಿದ ತಂಗಿ ಆರು ವರ್ಷದ ಅಕ್ಕನನ್ನು ಕರೆದಳು: "ಕುಡಿಯೇ ಅಕ್ಕಾ. ಬೆಲ್ಲ ಹಾಕಿಲ್ಲ."

ಮಕ್ಕಳೆಲ್ಲ ಬಾಗಿಲ ಕಡೆ ನೋಡುತ್ತಿದ್ದರು. ಲೋಟದೊಳಗೆ ಇಣುಕಲು ದೀಪಶ್ರೀಗೆ ಧೈರ್ಯ ಬರಲಿಲ್ಲ.

"ಕುಡಿದ್ಲು" ಎಂದಳು ರಕ್ಷಾ. ಸ್ವಲ್ಪ ತಡೆದು, "ಇನ್ನೂ ಬೇಕಂತೆ."

ಪುಷ್ಪಮ್ಮ ಒಳಗೆ ಹೋಗಿ ಕೊಡವನ್ನೇ ಎತ್ತಿಕೊಂಡು ಬಂದಳು.